ಒಂದು ಫ್ಯಾನು, ಎರಡು ಬಚ್ಚಲು

ರಾತ್ರಿ ಒಂಬತ್ತು ದಾಟಿದ ಮೇಲೆ ಗುಂಡ್ಲುಪೇಟೆಗೆ ಬಂದಿಳಿದವರ ಪಾಡು ಎಲ್ಲರಿಗೂ ಗೊತ್ತು. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಊಟಿ ಕಡೆಯವರು, ಸುಲ್ತಾನ್ ಬತ್ತೇರಿ ಕಡೆಯವರು ಹೊತ್ತು ಮೀರಿದರೆ ಇಲ್ಲೇ ಲಾಡ್ಜು ಹಿಡೀಬೇಕು. ಕಾಡುಪ್ರಾಣಿಗೆ ಒಳ್ಳೆಯದಾಯಿತು, ಲಾಡ್ಜಿನವರಿಗೂ ನಷ್ಟವಾಗಲಿಲ್ಲ. ನಮ್ಮ ತಕರಾರು ಅದಲ್ಲ, ರೂಮಿನ ಬಚ್ಚಲಿನದ್ದು.

ಸೈಟು ಚಿಕ್ಕದು, ರೂಮು ಹತ್ತು ಬೇಕು. ಹಾಗಾಗಿ ಎರಡು ಬಚ್ಚಲನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟುತ್ತಾರೆ. ಹೊರಗೋಡೆ ಸಿಕ್ಕದ ಕಡೆ ಕಿಟಕಿಯಿಲ್ಲ. ಚಾಮರಾಜನಗರದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಅಂತ ಕಟ್ಟಿಸಿಕೊಂಡವರ ಕಥೆಯೂ ಇದೇ. ಆಗ ಮೇಸ್ತ್ರಿ ಹೇಳುವ ಉಪಾಯ: "ಎರಡಕ್ಕೂ ಸೇರಿಸಿ ಒಂದೇ ಎಕ್ಸಾಸ್ಟ್ ಫ್ಯಾನ್ ಹಾಕಿಬಿಡಾಣ ಸ್ವಾಮಿ, ಖರ್ಚು ಉಳೀತದೆ."

ಉಪಾಯ ತಪ್ಪಲ್ಲ. ಹಾಕುವ ರೀತಿ ತಪ್ಪು.

5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಲ್ಲಿ 315 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಹತ್ತು ಸಲ ಅದು ಬದಲಾಗಬೇಕೆಂದರೆ ಎರಡಕ್ಕೂ ಸೇರಿ ನಿಮಿಷಕ್ಕೆ 105 ಘನ ಅಡಿ ಎಳೆಯಬೇಕು. ಗೋಡೆಯ ತೂತಿಗೆ ಕೂರಿಸುವ ಆರಿಂಚಿನ ಸಾದಾ ಫ್ಯಾನಿಗೆ ಹತ್ತಡಿ ಪೈಪು, ಎರಡು ಬೆಂಡು ಜೋಡಿಸಿದರೆ ಅದರ ದಮ್ಮೇ ಹೋಗುತ್ತದೆ. ಸದ್ದು ಮಾತ್ರ ಬರುತ್ತೆ, ಗಾಳಿ ಹೋಗಲ್ಲ. ಪೈಪಿಗೆಂದೇ ಮಾಡಿದ ಫ್ಯಾನು ಬೇಕು. ಎರಡು ಪೈಪೂ ಕೂಡಿದ ಮೇಲೆ, ಹೊರತುದಿಯ ಹತ್ತಿರ ಅದನ್ನು ಕೂರಿಸಬೇಕು. ಯಾವ ಬಚ್ಚಲಿನ ಸ್ವಿಚ್ ಒತ್ತಿದರೂ ತಿರುಗಬೇಕು. ಬಾಗಿಲ ಕೆಳಗೆ ಮುಕ್ಕಾಲು ಇಂಚಾದರೂ ಸಂದಿ ಬಿಡಬೇಕು; ಒಳಗೆ ಗಾಳಿ ಬಾರದೆ ಹೊರಗೆ ಹೋಗೋದೆಲ್ಲಿಂದ?

ಎಲ್ಲಕ್ಕಿಂತ ಮುಖ್ಯ, ಒಂದೊಂದು ಬಚ್ಚಲಿನ ಪೈಪಿಗೂ ಒಂದು ಕಡೆಗೆ ಮಾತ್ರ ತೆರೆಯುವ ಮುಚ್ಚಳ. ಅದಿಲ್ಲದಿದ್ದರೆ ಫ್ಯಾನು ನಿಂತ ಕೂಡಲೇ ಪಕ್ಕದ ರೂಮಿನವನ ಬೀಡಿ ಹೊಗೆ ನಿಮ್ಮ ಬಚ್ಚಲಿಗೆ. ಪರೀಕ್ಷೆ ಸುಲಭ: ಫ್ಯಾನ್ ಆರಿಸಿ, ಒಂದರಲ್ಲಿ ಅಗರಬತ್ತಿ ಹಚ್ಚಿ ಬಾಗಿಲು ಹಾಕಿ. ಇನ್ನೊಂದರ ಪೈಪಿನ ಬಾಯಲ್ಲಿ ವಾಸನೆ ಬಂತೋ, ಮುಚ್ಚಳ ಇಲ್ಲ ಅಂತಲೇ ಲೆಕ್ಕ.

ಬೀಡಿ ಹೊಗೆಯಾದರೆ ಬೈದು ಸುಮ್ಮನಾಗಬಹುದು. ಗ್ಯಾಸ್ ಗೀಸರ್ ಇದ್ದರೆ? ಹಿಂದೆ ಹಂಡೆ ಒಲೆಯ ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು, ಉಸಿರು ಕಟ್ಟಿದರೆ ಓಡಿ ಬರುತ್ತಿದ್ದೆವು, ಮಿಕ್ಕಿದ್ದು ಗವಾಕ್ಷಿಯಲ್ಲಿ ಹೋಗುತ್ತಿತ್ತು. ಗೀಸರಿನ ಗ್ಯಾಸು ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತದೆ, ಕಾಲು ಸೋಲುತ್ತದೆ, ಚಿಲಕ ತೆಗೆಯೋ ಶಕ್ತಿಯೂ ಉಳಿಯಲ್ಲ. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು ಬಚ್ಚಲಲ್ಲೇ ತೀರಿಕೊಂಡರು. ಗೀಸರಿನ ಅನಿಲವೇ ಕಾರಣವೆಂದು ವರದಿಯಾಯಿತು.

ಇನ್ನೊಂದು ಸಂಗತಿ ಯಾರೂ ಯೋಚಿಸುವುದಿಲ್ಲ. ಈ ಗೀಸರ್ ಹೊತ್ತಿಕೊಳ್ಳುವುದು ಬ್ಯಾಟರಿ ಸೆಲ್ಲಿನಿಂದ. ಕರೆಂಟು ಹೋದರೂ ಉರಿಯುತ್ತಲೇ ಇರುತ್ತದೆ. ಫ್ಯಾನು ಮಾತ್ರ ನಿಲ್ಲುತ್ತದೆ! ಕರೆಂಟು ಹೋಗೋದು ನಮ್ಮ ಕಡೆ ಹೊಸದೇನಲ್ಲವಲ್ಲ. ಮುಚ್ಚಳವಿಲ್ಲದ ಪೈಪಾದರೆ ಈ ಬಚ್ಚಲಿನ ವಿಷ ಆ ಬಚ್ಚಲಿಗೂ ದಾರಿ ಕಂಡುಕೊಳ್ಳುತ್ತದೆ. ಅಲ್ಲಿ ಸ್ನಾನಕ್ಕಿಳಿದವನಿಗೆ ಪಕ್ಕದಲ್ಲಿ ಗೀಸರ್ ಉರಿಯುತ್ತಿರುವುದೇ ಗೊತ್ತಿರಲ್ಲ. ಫ್ಯಾನ್ ಇದೆಯೆಂಬ ಧೈರ್ಯದಲ್ಲಿ ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಲೇಬಾರದು. ಗೀಸರೂ ಸಿಲಿಂಡರೂ ಗಾಳಿಯಾಡುವ ಹೊರಜಾಗದಲ್ಲಿರಲಿ, ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ.

ಗುಂಡ್ಲುಪೇಟೆ ಪುರಸಭೆ, ಚಾಮರಾಜನಗರ ನಗರಸಭೆಯ ಮಹಾಶಯರಲ್ಲಿ ಒಂದು ಮಾತು. ಲಾಡ್ಜಿನ ಲೈಸೆನ್ಸ್ ಕಾಗದ ಬಂದಾಗ ಬಚ್ಚಲಿನ ಬಾಗಿಲನ್ನೂ ಒಮ್ಮೆ ತೆಗೆದು ನೋಡಿ. ಗೀಸರ್ ಒಳಗಿದ್ದರೆ, ಅದು ಹೊರಗೆ ಬರುವತನಕ ಸಹಿ ಹಾಕಬೇಡಿ.