ಹೆದರಿಕೆಗೂ ಅಳತೆ ಬೇಕು, ಧೈರ್ಯಕ್ಕೂ ಬೇಕು

ಔಷಧಿ ಎಂದೊಡನೆ ವಿಷ ಎನ್ನುವವರು ಒಂದು ಕಡೆ. ಈ ಭಯವೆಲ್ಲ ಪೇಟೆಯವರ ಕಟ್ಟುಕತೆ ಎನ್ನುವವರು ಇನ್ನೊಂದು ಕಡೆ. ರಾಜಾಜಿನಗರ, ವಿಜಯನಗರಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಊರಿಗೆ ಬಂದಾಗ ಈ ವಾದ ಊಟದ ಎಲೆಯ ಮುಂದೆಯೇ ಶುರುವಾಗುವುದುಂಟು. ಬೆಳೆಗಾರರಾದ ನಾವು ಎರಡು ಮಾತನ್ನೂ ತೂಗಿ ನೋಡಬೇಕು.

ಮೊದಲು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೀಟ ಮತ್ತು ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿ ಇದನ್ನು ಸೂಚಿಸಿದರು. ನೂರು ವರ್ಷ ದಾಟಿದರೂ ಮಳೆಗಾಲಕ್ಕೆ ಮುಂಚೆ ನಾವು ನೆಚ್ಚುವುದು ಇದನ್ನೇ. ಅಡಿಕೆಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಹೊಳೆಯುವ ಕತ್ತಿಯನ್ನು ಅದ್ದಿದಾಗ ಅಲಗಿಗೆ ಕೆಂಪು ಕಟ್ಟಿದರೆ ಸುಣ್ಣ ಸಾಲದೆಂದೇ ಅರ್ಥ. ಹಾಗೆಂದು ಇದು ಪೂರಾ ನಿರಪಾಯವೆಂದಲ್ಲ. ತಾಮ್ರ ಮಣ್ಣಿನಲ್ಲಿ ಉಳಿದು ವರ್ಷ ವರ್ಷ ಕೂಡುತ್ತ ಹೋಗುತ್ತದೆ. ಅದಕ್ಕೆ ಉತ್ತರ ಮಣ್ಣು ಪರೀಕ್ಷೆಯೇ ಹೊರತು ದಿಗಿಲಲ್ಲ.

ಇನ್ನು ಎಂಡೋಸಲ್ಫಾನ್. ಕಾಸರಗೋಡಿನಲ್ಲಿ ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸುರಿದರು. ಗುಡ್ಡದ ಕೆಳಗೆ ಬಾವಿ, ತೋಡು, ಮನೆ. ಅಂಗವಿಕಲ ಕರುಗಳ ವಿಚಾರವನ್ನು ಶ್ರೀಪಡ್ರೆಯವರು 1979ರಲ್ಲಿಯೇ ಬರೆದರು. ಮುಂದೆ ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ರೋಗಿಗಳನ್ನು ಕಂಡು ಎಚ್ಚರಿಸಿದರು. ‘ಪುರಾವೆ ಎಲ್ಲಿ?’ ಎಂಬ ಪ್ರಶ್ನೆಯಲ್ಲಿಯೇ ವರ್ಷಗಳು ಕಳೆದವು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಪುರಾವೆ ಕೇಳುವುದು ತಪ್ಪಲ್ಲ. ಅಲ್ಲಿನ ಪ್ರತಿಯೊಂದು ಕಾಯಿಲೆಗೂ ಅದೇ ಕಾರಣವೆಂದು ಹೇಳುವುದೂ ಸರಿಯಲ್ಲ. ಆದರೆ ಕೇಳಿದವರು ಹುಡುಕಲೂಬೇಕು. ಪುರಾವೆ ಒದಗಿಸುವ ಹೊರೆಯನ್ನು ನೀರು ಕುಡಿದವನ ತಲೆಗೇ ಕಟ್ಟಿ ಸುಮ್ಮನೆ ಕೂರುವುದು ವಿಜ್ಞಾನವಲ್ಲ, ಜಾಣತನ.

ಆದುದರಿಂದ ಹೊಸ ಔಷಧಿ ಬಂದಾಗ ಬೇಡ ಎನ್ನುವ ಮೊದಲು, ಬೇಕು ಎನ್ನುವ ಮೊದಲು, ಕೇಳಬೇಕಾದುದು ಇಷ್ಟು: ಎಷ್ಟು ಪ್ರಮಾಣ, ಯಾವ ವಿಧಾನ, ಗಾಳಿ ಯಾವ ಕಡೆಗೆ, ನೀರು ಯಾರ ಬಾವಿಗೆ, ಅಳೆದವರು ಯಾರು? ಪ್ರತಿಯೊಬ್ಬ ಸದಸ್ಯರೂ ಸಿಂಪಡಣೆಯ ತಾರೀಕು, ಔಷಧಿ, ಪ್ರಮಾಣ, ಕೆಲಸದವರ ಆರೋಗ್ಯ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ನೆರೆಯವರಿಗೆ ಮುಂಚಿತವಾಗಿ ತಿಳಿಸಲಿ. ನಾಳೆ ಮಕ್ಕಳು ಪ್ರಶ್ನಿಸಿದಾಗ ಆ ಪುಸ್ತಕವನ್ನೇ ಮುಂದಿಡಬಹುದು.