ವಿಕಲಚೇತನ ಮತದಾರರ ಹಕ್ಕು: ಮತಗಟ್ಟೆಯ ಇಳಿಜಾರಿನಿಂದ ಮನೆಯಲ್ಲಿಯೇ ಮತದಾನದವರೆಗೆ

ಸಂವಿಧಾನದ 326ನೇ ಅನುಚ್ಛೇದವು ಚುನಾವಣೆಗಳು ವಯಸ್ಕ ಮತಾಧಿಕಾರದ ಆಧಾರದ ಮೇಲೆ ನಡೆಯತಕ್ಕದ್ದೆಂದು ವಿಧಿಸಿದೆ. ನಡೆಯಬಲ್ಲವರು, ಕಾಣಬಲ್ಲವರು ಎಂಬ ಭೇದ ಅದರಲ್ಲಿಲ್ಲ. ಆದಾಗ್ಯೂ ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಒಂದು, ಗಾಲಿಕುರ್ಚಿಯು ಶಾಲೆಯ ಮೂರು ಮೆಟ್ಟಿಲುಗಳನ್ನು ದಾಟಿ ಮತಯಂತ್ರದ ಬಳಿ ತಲುಪುವುದು ಮತ್ತೊಂದು. ಮತಗಟ್ಟೆಗಳಲ್ಲಿ ಮರದ ಇಳಿಜಾರು ಹಾದಿ ಒದಗಿಸುವಂತೆ 2004ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಸುಪ್ರೀಂ ಕೋರ್ಟೇ ನಿರ್ದೇಶಿಸಬೇಕಾಯಿತು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 11ನೇ ಪ್ರಕರಣವು ಇದನ್ನು ಶಾಸನಬದ್ಧ ಕರ್ತವ್ಯವಾಗಿಸಿದೆ. ಈ ಕರ್ತವ್ಯವು ಭಾರತ ಚುನಾವಣಾ ಆಯೋಗಕ್ಕಲ್ಲದೆ, ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವ ರಾಜ್ಯ ಚುನಾವಣಾ ಆಯೋಗಗಳಿಗೂ ಅನ್ವಯಿಸುತ್ತದೆ.

ಮನೆಯಲ್ಲಿಯೇ ಮತದಾನ ಮಾಡುವ ಅವಕಾಶವು ಈಚಿನದು. ಚುನಾವಣೆ ನಡೆಸುವ ನಿಯಮಗಳು, 1961ಕ್ಕೆ 2019ರಲ್ಲಿ ಮಾಡಿದ ತಿದ್ದುಪಡಿಯಿಂದ ಇದು ಸಾಧ್ಯವಾಯಿತು. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿಯೂ, ದೇಶಾದ್ಯಂತ 2024ರ ಲೋಕಸಭಾ ಚುನಾವಣೆಯಲ್ಲಿಯೂ ಇದನ್ನು ಜಾರಿಗೊಳಿಸಲಾಯಿತು. ಹಿರಿಯ ನಾಗರಿಕರಿಗೆ ಮೊದಲು 80 ವರ್ಷವಿದ್ದ ವಯೋಮಿತಿಯನ್ನು 2024ರಲ್ಲಿ 85ಕ್ಕೆ ಏರಿಸಲಾಯಿತು. ವಿಕಲಚೇತನರಿಗೆ ವಯಸ್ಸಿನ ನಿರ್ಬಂಧವಿಲ್ಲ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಬಗ್ಗೆ ಪ್ರಮಾಣಪತ್ರವಿರಬೇಕು.

ಅನೇಕರು ಈ ಸೌಲಭ್ಯದಿಂದ ವಂಚಿತರಾಗುವುದು ಅರ್ಹತೆಯ ಕೊರತೆಯಿಂದಲ್ಲ, ದಿನಾಂಕದ ಗೊಂದಲದಿಂದ. ನಮೂನೆ-12ಡಿ ಅರ್ಜಿಯು ಚುನಾವಣಾ ಅಧಿಸೂಚನೆ ಹೊರಡಿಸಿದ ದಿನಾಂಕದಿಂದ ಐದು ದಿನಗಳೊಳಗೆ ಚುನಾವಣಾಧಿಕಾರಿಗಳಿಗೆ ತಲುಪತಕ್ಕದ್ದು. ವೇಳಾಪಟ್ಟಿಯ ಘೋಷಣೆ ಬೇರೆ, ಅಧಿಸೂಚನೆ ಬೇರೆ. 2023ರಲ್ಲಿ ಘೋಷಣೆಯಾದದ್ದು ಮಾರ್ಚ್ 29ರಂದು. ಅಧಿಸೂಚನೆ ಹೊರಟದ್ದು ಏಪ್ರಿಲ್ 13ರಂದು. ಮತದಾನ ನಡೆದದ್ದು ಮೇ 10ರಂದು. ಮತದಾನಕ್ಕೆ ಇನ್ನೂ ಮೂರು ವಾರಗಳಿವೆ ಎಂದು ನಿಶ್ಚಿಂತರಾಗಿದ್ದವರ ಪಾಲಿಗೆ ಅರ್ಜಿಯ ಅವಧಿ ಆಗಲೇ ಮುಗಿದಿತ್ತು. ಐದು ದಿನಗಳಲ್ಲಿ ಹೊಸದಾಗಿ ಅಂಗವೈಕಲ್ಯ ಪ್ರಮಾಣಪತ್ರ ಪಡೆಯುವುದಂತೂ ದುಸ್ಸಾಧ್ಯ. ಆದುದರಿಂದ ಯು.ಡಿ.ಐ.ಡಿ. ಕಾರ್ಡನ್ನು ಚುನಾವಣೆಯ ಸುಳಿವಿಲ್ಲದ ದಿನಗಳಲ್ಲಿಯೇ ಮಾಡಿಸಿಕೊಂಡಿರುವುದು ಕ್ಷೇಮ. ನಮೂನೆ-8ರ ಮೂಲಕ ಮತದಾರರ ಪಟ್ಟಿಯಲ್ಲಿ ವಿಕಲಚೇತನರೆಂದು ಗುರುತು ಮಾಡಿಸುವುದೂ ಆಗಲೇ ಆಗಬೇಕಾದ ಕೆಲಸ. ಈ ಗುರುತಿನ ಆಧಾರದ ಮೇಲೆಯೇ ಯಾವ ಮತಗಟ್ಟೆಗೆ ಗಾಲಿಕುರ್ಚಿ ಬೇಕು, ಯಾರ ಮನೆಗೆ ನಮೂನೆ-12ಡಿ ತಲುಪಿಸಬೇಕು ಎಂಬುದನ್ನು ಸಿಬ್ಬಂದಿ ಅರಿಯುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು ಈ ಬಗ್ಗೆ ವಿಚಾರಿಸಬಹುದು.

ಮನೆಯಲ್ಲಿ ಮತದಾನಕ್ಕೆ ಒಮ್ಮೆ ಅನುಮತಿ ದೊರೆತರೆ ಮತಗಟ್ಟೆಗೆ ಹೋಗಿ ಮತ ಚಲಾಯಿಸಲು ಅವಕಾಶವಿರುವುದಿಲ್ಲ. ತಂಡವು ಮುಂಚಿತವಾಗಿ ತಿಳಿಸಿ ಬರುತ್ತದೆ. ಮತದಾರರು ಸಿಗದಿದ್ದಲ್ಲಿ ಇನ್ನೊಮ್ಮೆ ಮಾತ್ರ ಬರುತ್ತದೆ. ಚಿಕಿತ್ಸೆಗಾಗಿ ಊರಿಂದ ಊರಿಗೆ ಓಡಾಡುವವರು ಇದನ್ನು ಯೋಚಿಸಿಯೇ ಆಯ್ಕೆ ಮಾಡಿಕೊಳ್ಳಬೇಕು. ಇದು ಐಚ್ಛಿಕ ಸೌಲಭ್ಯ. ಮನೆಗೇ ಮತಪತ್ರ ಬರುವುದೆಂಬ ಕಾರಣಕ್ಕೆ ಮತಗಟ್ಟೆಯ ಇಳಿಜಾರನ್ನು ಕೈಬಿಡುವಂತಿಲ್ಲ. ನೆರೆಹೊರೆಯವರೊಡನೆ ಸರದಿಯಲ್ಲಿ ನಿಂತು ಮತ ಹಾಕಬೇಕೆನ್ನುವವರ ಇಚ್ಛೆಗೂ ಕಾನೂನಿನ ರಕ್ಷಣೆಯಿದೆ.

ಅಂಧ ಮತದಾರರ ವಿಷಯದಲ್ಲಿ ಗೋಪ್ಯತೆಯ ಪ್ರಶ್ನೆ ಮುಖ್ಯವಾದುದು. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಕ್ರಮಸಂಖ್ಯೆಯು ಬ್ರೈಲ್ ಲಿಪಿಯಲ್ಲಿರುತ್ತದೆ. ಬ್ರೈಲ್ ಓದಲು ಬಾರದವರು 49ಎನ್ ನಿಯಮದಂತೆ 18 ವರ್ಷಕ್ಕೆ ಕಡಿಮೆಯಿಲ್ಲದ ಸಹಾಯಕರೊಬ್ಬರನ್ನು ಕರೆದೊಯ್ಯಬಹುದು. ಆ ಸಹಾಯಕರು ಅದೇ ದಿನ ಬೇರೆ ಯಾವ ಮತದಾರರಿಗೂ ಸಹಾಯಕರಾಗತಕ್ಕದ್ದಲ್ಲ. ಮತದ ಗೋಪ್ಯತೆ ಕಾಪಾಡುವುದಾಗಿ ಘೋಷಣೆಯನ್ನೂ ನೀಡಬೇಕು. ಒಬ್ಬನೇ ವ್ಯಕ್ತಿ ಹತ್ತು ಜನರ ಕೈಹಿಡಿದು ಗುಂಡಿ ಒತ್ತಿಸುವುದನ್ನು ತಡೆಯುವುದು ಈ ನಿಬಂಧನೆಯ ಉದ್ದೇಶ. ಆದರೆ ಒಂದು ಕೊರತೆ ಉಳಿದೇ ಇದೆ. ವಿ.ವಿ.ಪ್ಯಾಟ್ ಚೀಟಿಯು ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿಕೊಳ್ಳುತ್ತದೆ. ಕಣ್ಣು ಕಾಣದವರಿಗೆ ಅದರಿಂದ ಪ್ರಯೋಜನವಿಲ್ಲ. ತಾವು ನೀಡಿದ ಮತವನ್ನು ಸ್ವತಃ ಖಚಿತಪಡಿಸಿಕೊಳ್ಳುವ ಅವಕಾಶ ಅವರಿಗೆ ಇನ್ನೂ ದೊರೆತಿಲ್ಲವೆಂದೇ ಹೇಳಬೇಕು.

ಬೌದ್ಧಿಕ ವಿಕಲತೆಯುಳ್ಳವರಿಗೆ ಮತವಿಲ್ಲವೆಂಬ ಭಾವನೆ ಅನೇಕ ಕುಟುಂಬಗಳಲ್ಲಿದೆ. ಇದು ಸರಿಯಲ್ಲ. ಪ್ರಜಾ ಪ್ರಾತಿನಿಧ್ಯ ಅಧಿನಿಯಮ, 1950ರ 16ನೇ ಪ್ರಕರಣದಂತೆ, ವ್ಯಕ್ತಿಯು ಅಸ್ವಸ್ಥಚಿತ್ತನೆಂದು ಸಕ್ಷಮ ನ್ಯಾಯಾಲಯವು ಘೋಷಿಸಿದ್ದಲ್ಲಿ ಮಾತ್ರ ಈ ಕಾರಣದಿಂದ ಹೆಸರು ನೋಂದಾಯಿಸಲು ಅನರ್ಹನಾಗುತ್ತಾನೆ. ವೈದ್ಯರ ಪ್ರಮಾಣಪತ್ರವಾಗಲೀ ಮನೆಯವರ ಅಭಿಪ್ರಾಯವಾಗಲೀ ಅದಕ್ಕೆ ಸಾಲದು. ಅಂತಹವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಇತರರಂತೆಯೇ ನಮೂನೆ-6ರಲ್ಲಿ ಅರ್ಜಿ ಸಲ್ಲಿಸಬಹುದು. ಹೆಚ್ಚಿನ ವಿವರಗಳಿಗೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದಾಗಿದೆ.