ಬ್ಯಾಕ್ಸ್ಟರ್ ಪಾಪದವನಲ್ಲ

ಡಿಸೆಂಬರ್ ಬಂತು ಅಂದ್ರೆ ಸಾಕು, ರಜೆಯಲ್ಲಿ ಕಂಬಳಿ ಹೊದ್ದು ನೋಡಬೇಕಾದ ಹತ್ತು ಸಿನಿಮಾ ಅನ್ನೋ ಥರದ ಪಟ್ಟಿಗಳು ಶುರುವಾಗ್ತವೆ. ಅದರಲ್ಲಿ ಐದನೆಯದೋ ಆರನೆಯದೋ ಆಗಿ 'ದಿ ಅಪಾರ್ಟ್‌ಮೆಂಟ್' ಇರುತ್ತೆ. 1960ರ ಕಪ್ಪು-ಬಿಳುಪು ಚಿತ್ರ, ನಿರ್ದೇಶನ ಬಿಲ್ಲಿ ವೈಲ್ಡರ್. ಪಕ್ಕದಲ್ಲಿ ಒಂದು ಸಾಲಿನ ಷರಾ: ಮನಸ್ಸಿಗೆ ಮುದ ಕೊಡುವ ರೊಮ್ಯಾಂಟಿಕ್ ಕಾಮಿಡಿ. ಷರಾ ಬರೆದವರು ಸಿನಿಮಾ ನೋಡಿದ್ದಾರಾ ಅಂತ ನನಗೆ ಪ್ರತಿ ವರ್ಷ ಅನುಮಾನ. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಬ್ಬ ಹುಡುಗಿ ಇನ್ಯಾರದೋ ಮನೆಯಲ್ಲಿ ನಿದ್ದೆ ಮಾತ್ರೆ ನುಂಗಿ ಸಾಯೋಕೆ ಮಲಗುವ ಸಿನಿಮಾ ಇದು. ಮುದ ಎಲ್ಲಿಂದ ಬಂತು ಸ್ವಾಮಿ?

ನಗು ಇಲ್ಲ ಅಂತಲ್ಲ. ಜಾಕ್ ಲೆಮನ್ ಟೆನಿಸ್ ರ‍್ಯಾಕೆಟ್ಟಿನಲ್ಲಿ ನೂಡಲ್ಸ್ ಬಸಿಯುವಾಗ ನಗದವರು ಯಾರೂ ಇರಲಿಕ್ಕಿಲ್ಲ. ನನ್ನ ತಕರಾರು ಬೇರೆ. ಈ ಚಿತ್ರ ನೋಡಿ ಎದ್ದವರೆಲ್ಲ ನಾಯಕ ಬ್ಯಾಕ್ಸ್ಟರ್ ಬಗ್ಗೆ ಒಂದೇ ಮಾತು ಹೇಳ್ತಾರೆ: "ಪಾಪ, ಒಳ್ಳೆ ಹುಡುಗ." ನಮ್ಮ ಮಲೆನಾಡಿನ ಕಡೆ ಇಂಥವರಿಗೆ 'ಪಾಪದವನು' ಅಂತೀವಿ. ಯಾರ ತಂಟೆಗೂ ಹೋಗದವನು, ಹೇಳಿದ್ದು ಮಾಡುವವನು ಅಂತ ಅರ್ಥ. ನಾನು ಹೇಳೋದು, ಬ್ಯಾಕ್ಸ್ಟರ್ ಪಾಪದವನಲ್ಲ. ಅವನನ್ನು ಪಾಪದವನು ಅಂತ ಬಿಟ್ಟುಬಿಡೋದು ನಮಗೆ ಅನುಕೂಲ, ಅಷ್ಟೇ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನ್ಯೂಯಾರ್ಕಿನ ಒಂದು ವಿಮಾ ಕಂಪನಿ. ಬ್ಯಾಕ್ಸ್ಟರ್ ಶುರುವಿನಲ್ಲೇ ಲೆಕ್ಕ ಒಪ್ಪಿಸ್ತಾನೆ: ಊರಿನ ಜನಸಂಖ್ಯೆ 80,42,783, ಕಂಪನಿಯ ಮುಖ್ಯ ಕಚೇರಿಯಲ್ಲಿ 31,259 ಜನ. ಅವನು 19ನೇ ಮಹಡಿ, ಟೇಬಲ್ ನಂಬರ್ 861. ಕೈಗೆ ಬರೋ ಸಂಬಳ ವಾರಕ್ಕೆ 94 ಡಾಲರ್ 70 ಸೆಂಟ್. ನಮ್ಮ ಎಂಪ್ಲಾಯೀ ಐಡಿ ನಮಗೆ ಬಾಯಿಪಾಠ ಇರುತ್ತಲ್ಲ, ಹಾಗೆ. ಆ ಕಚೇರಿಯ ಸೆಟ್ ಹಾಕಿದ್ದು ಅಲೆಕ್ಸಾಂಡರ್ ಟ್ರೌನರ್. ಹಿಂದಕ್ಕೆ ಹೋದ ಹಾಗೆ ಟೇಬಲ್‌ಗಳು ಚಿಕ್ಕದಾಗ್ತಾ ಹೋಗ್ತವೆ, ಕೊನೆಯ ಸಾಲುಗಳಲ್ಲಿ ಪುಟ್ಟ ಟೇಬಲ್‌ಗಳಿಗೆ ಮಕ್ಕಳನ್ನು ಕೂರಿಸಿದ್ದರಂತೆ. ಹಾಲ್ ಮುಗಿಯೋದೇ ಇಲ್ಲ ಅನ್ನಿಸಬೇಕು ಅಂತ. ಅನ್ನಿಸುತ್ತೆ ಕೂಡ. ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಆ ದೃಶ್ಯ ತೋರಿಸಿ, ವಿವರಿಸೋ ಅಗತ್ಯವೇ ಬೀಳಲ್ಲ.

ಸೆಂಟ್ರಲ್ ಪಾರ್ಕ್ ಹತ್ತಿರ ಬ್ಯಾಕ್ಸ್ಟರ್‌ಗೊಂದು ಬಾಡಿಗೆ ಮನೆ ಇದೆ. ಒಂಟಿ ಹುಡುಗ. ಮದುವೆಯಾದ ನಾಲ್ಕು ಜನ ಮ್ಯಾನೇಜರ್‌ಗಳಿಗೆ ಸಂಜೆ ಹೊತ್ತು ಹೆಂಡತಿಯ ಕಣ್ಣಿಗೆ ಬೀಳದ ಒಂದು ಜಾಗ ಬೇಕು. ಬ್ಯಾಕ್ಸ್ಟರ್ ಬೀಗದ ಕೈ ಕೊಡ್ತಾನೆ. ಅವರು ಹೊರಡುವವರೆಗೂ ಆಫೀಸಿನಲ್ಲೇ ಕೂತಿರ್ತಾನೆ, ಇಲ್ಲಾಂದ್ರೆ ಮನೆ ಮುಂದಿನ ಫುಟ್‌ಪಾತಿನಲ್ಲಿ ತಿರುಗ್ತಾನೆ. ಒಂದು ರಾತ್ರಿಯಂತೂ ಚಳಿಯಲ್ಲಿ ಪಾರ್ಕ್ ಬೆಂಚಿನ ಮೇಲೆ ಕಳೆದು ನೆಗಡಿ ಹಚ್ಚಿಕೊಳ್ತಾನೆ. ನೆಗಡಿ ಬಂದ ದಿನ ಅವನು ಫೋನ್ ಹಿಡಿದು ಈ ನಾಲ್ಕು ಜನರ ವಾರಗಳನ್ನು ಅದಲು ಬದಲು ಮಾಡೋದು ನೋಡಬೇಕು. ಬುಧವಾರದವನನ್ನು ಶುಕ್ರವಾರಕ್ಕೆ, ಶುಕ್ರವಾರದವನನ್ನು ಗುರುವಾರಕ್ಕೆ. ಮೀಟಿಂಗ್ ರೂಮ್ ಬುಕಿಂಗ್ ಥರ.

ಪ್ರತಿಯಾಗಿ ಏನು ಸಿಗುತ್ತೆ? ತಿಂಗಳ ಕಾರ್ಯಕ್ಷಮತೆ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ನಿನ್ನ ಹೆಸರು ಹಾಕ್ತೀನಿ, ಕೆಡಿಸ್ಕೋಬೇಡ ಅಂತ ಒಬ್ಬ ಮ್ಯಾನೇಜರ್ ಫೋನಿನಲ್ಲೇ ಹೇಳ್ತಾನೆ. ಎಲ್ಲರೂ ಮೇಲಕ್ಕೆ ಒಳ್ಳೊಳ್ಳೆ ವರದಿ ಕಳಿಸ್ತಾರೆ: ನಿಷ್ಠಾವಂತ, ಸಹಕಾರ ಮನೋಭಾವದವನು. ಲೇಟಾಗಿ ಕೂರುವುದು ಮನೆ ಖಾಲಿ ಇಲ್ಲ ಅಂತ. ಆದರೆ ಹೊರಗಿನಿಂದ ನೋಡಿದವರಿಗೆ ಅದೇ ಶ್ರದ್ಧೆ. ನಮ್ಮ ಕಾಲದ ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ಅಪ್ರೈಸಲ್ ಅನ್ನು ಇಷ್ಟು ನೇರವಾಗಿ ವಿವರಿಸಿದ್ದನ್ನು ನಾನು ಓದಿಲ್ಲ.

ಈಗ ಬ್ಯಾಕ್ಸ್ಟರ್ ಪರ ವಾದಿಸುವವರು ಹೇಳೋದು: ಅವನೇನು ಮಾಡ್ತಾನೆ ಪಾಪ, ನಾಲ್ಕು ಜನ ಬಾಸ್‌ಗಳು, ಇಲ್ಲ ಅಂದ್ರೆ ಕೆಲಸ ಹೋಗುತ್ತೆ. ಅದು ಶುರುವಾದದ್ದೂ ಆಕಸ್ಮಿಕವೇ, ಆಫೀಸಿನ ಒಬ್ಬನಿಗೆ ಪಾರ್ಟಿಗೆ ಹೋಗೋಕೆ ಬಟ್ಟೆ ಬದಲಿಸಲು ಜಾಗ ಬೇಕಿತ್ತು, ಕೀ ಕೊಟ್ಟ. ಒಪ್ಪುತ್ತೇನೆ. ಯಾವ ಕೆಟ್ಟ ಅಭ್ಯಾಸವೂ ಕೆಟ್ಟದ್ದರಿಂದ ಶುರುವಾಗಲ್ಲ. ಆದರೆ ಮುಂದಿನದನ್ನು ನೋಡಿ. 27ನೇ ಮಹಡಿಯ ದೊಡ್ಡ ಸಾಹೇಬ ಶೆಲ್ಡ್ರೇಕ್‌ಗೆ ವಿಷಯ ಗೊತ್ತಾಗುತ್ತೆ. ಕರೆಸಿ ಬೈತಾನೆ ಅಂದುಕೊಂಡರೆ, ತನಗೂ ಒಂದು ಕೀ ಬೇಕು ಅಂತಾನೆ, ಬದಲಿಗೆ ನಾಟಕದ ಎರಡು ಟಿಕೆಟ್ ಕೊಡ್ತಾನೆ. ಪ್ರಮೋಷನ್ ಬರುತ್ತೆ. ಗಾಜಿನ ಕ್ಯಾಬಿನ್, ಹೊಸ ಹ್ಯಾಟು. ಬ್ಯಾಕ್ಸ್ಟರ್ ಮುಖದಲ್ಲಿ ಹೆದರಿಕೆ ಇಲ್ಲ, ಹಿಗ್ಗು. ಹೆದರಿ ಕೊಟ್ಟವನಿಗೂ ವ್ಯಾಪಾರ ಕುದುರಿಸಿ ಕೊಟ್ಟವನಿಗೂ ಇರೋ ವ್ಯತ್ಯಾಸವನ್ನು ಲೆಮನ್ ತನ್ನ ಮುಖದಲ್ಲೇ ತೋರಿಸಿದ್ದಾನೆ. ನಾವು ನೋಡಲ್ಲ.

ಶೆಲ್ಡ್ರೇಕ್ ಆ ಮನೆಗೆ ಕರೆತರುವುದು ಲಿಫ್ಟ್ ನಡೆಸುವ ಫ್ರ್ಯಾನ್ ಕ್ಯುಬೆಲಿಕ್‌ಳನ್ನು. ಶರ್ಲಿ ಮ್ಯಾಕ್ಲೇನ್ ಮಾಡಿದ ಪಾತ್ರ. ಬ್ಯಾಕ್ಸ್ಟರ್‌ಗೆ ಇಷ್ಟವಾದ ಹುಡುಗಿಯೂ ಅವಳೇ. ಮನೆಯಲ್ಲಿ ಸಿಕ್ಕಿದ್ದ ಒಡೆದ ಕನ್ನಡಿ ಅವಳ ಕೈಯಲ್ಲಿ ಕಂಡಾಗ ಅವನಿಗೆ ಎಲ್ಲ ತಿಳಿಯುತ್ತೆ. ಆಗ ಕೀ ವಾಪಸ್ ಕೇಳ್ತಾನಾ? ಇಲ್ಲ, ಬಾರಿಗೆ ಹೋಗಿ ಕುಡೀತಾನೆ. ಅದೇ ರಾತ್ರಿ ಶೆಲ್ಡ್ರೇಕ್ ಅವಳಿಗೆ ಕ್ರಿಸ್‌ಮಸ್ ಉಡುಗೊರೆ ಅಂತ 100 ಡಾಲರ್ ನೋಟು ಕೊಟ್ಟು ಹೆಂಡತಿ ಮಕ್ಕಳ ಹತ್ತಿರ ಹೋಗ್ತಾನೆ. ಅವಳು ಮಾತ್ರೆ ನುಂಗ್ತಾಳೆ. ಪಕ್ಕದ ಮನೆ ಡಾಕ್ಟರ್ ಬದುಕಿಸ್ತಾರೆ. ಬ್ಯಾಕ್ಸ್ಟರ್ ಅವಳನ್ನು ತುಂಬ ಚೆನ್ನಾಗಿ ನೋಡ್ಕೊಳ್ತಾನೆ, ನಿಜ. ಜೊತೆಗೆ ಶೆಲ್ಡ್ರೇಕ್ ಹೆಸರು ಎಲ್ಲೂ ಹೊರಬೀಳದ ಹಾಗೂ ನೋಡ್ಕೊಳ್ತಾನೆ. ಅದಾದ ಮೇಲೆ ಇನ್ನೊಂದು ಪ್ರಮೋಷನ್, ನೇರ 27ನೇ ಮಹಡಿಗೆ. ಅದನ್ನೂ ತಗೊಳ್ತಾನೆ.

ಇಷ್ಟಾದ ಮೇಲೂ ಪಾಪವೇ?

ನಮ್ಮೂರಲ್ಲಿ ಒಬ್ಬರ ತೋಟದ ಮನೆಯಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡ್ತಿದ್ದರು. ಮನೆ ಯಜಮಾನ ಎಲೆ ಮುಟ್ಟಿದವನಲ್ಲ. ನಾನು ಜಾಗ ಕೊಟ್ಟೆ ಅಷ್ಟೇ ಮಾರಾಯ ಅಂತ ಎಲ್ಲರ ಹತ್ತಿರ ಹೇಳ್ತಿದ್ದ. ಊರವರು ಆ ಮಾತನ್ನು ಒಂದು ದಿನವೂ ಒಪ್ಪಲಿಲ್ಲ. ಜಾಗ ಕೊಟ್ಟವನನ್ನೂ ಆಟಗಾರರ ಲೆಕ್ಕದಲ್ಲೇ ಸೇರಿಸಿದ್ದರು. ಈ ಸರಳ ಲೆಕ್ಕ ಊರು ಬಿಟ್ಟು ಸಿಟಿ ಸೇರಿದ ಮೇಲೆ ನಮಗೆ ಯಾಕೆ ಮರೆತು ಹೋಗುತ್ತೆ?

ವೈಲ್ಡರ್‌ಗೆ ಮರೆತಿರಲಿಲ್ಲ. ಈ ಸಿನಿಮಾದ ಬೀಜ ಆತನಿಗೆ ಸಿಕ್ಕಿದ್ದು 1945ರ ಇಂಗ್ಲಿಷ್ ಚಿತ್ರ 'ಬ್ರೀಫ್ ಎನ್‌ಕೌಂಟರ್'ನಲ್ಲಿ. ಅದರಲ್ಲಿ ಪ್ರೇಮಿಗಳು ಸೇರೋಕೆ ಗೆಳೆಯನೊಬ್ಬನ ಮನೆಗೆ ಹೋಗ್ತಾರೆ. ನೋಡಿದವರೆಲ್ಲ ಪ್ರೇಮಿಗಳಿಗಾಗಿ ಕಣ್ಣೀರು ಹಾಕಿದರು, ವೈಲ್ಡರ್ ತಲೆ ಮಾತ್ರ ಆ ಮನೆ ಕೊಟ್ಟವನ ಹಿಂದೆ ಹೋಯಿತು. ಅವರು ಎದ್ದು ಹೋದ ಮೇಲೆ ಅದೇ ಹಾಸಿಗೆಯಲ್ಲಿ ಮಲಗುವವನು ಯಾರು? ಅಂದರೆ ಚಿತ್ರದ ಮೂಲ ಪ್ರಶ್ನೆಯೇ ಕೀ ಕೊಟ್ಟವನ ಬಗ್ಗೆ, ಪ್ರೇಮದ ಬಗ್ಗೆ ಅಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಬರ್ಲಿನ್ ಬಿಟ್ಟು ಓಡಿದ ಯಹೂದಿ ಆತ. ತಾಯಿಯನ್ನು ನಾಜಿಗಳು ಕೊಂದರು. ತಂಟೆಗೆ ಹೋಗದ ಒಳ್ಳೆಯವರ ಬೆಲೆ ಏನು ಅಂತ ಅಂಥವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ ಅಂತ ನನ್ನ ನಂಬಿಕೆ.

ಜೊತೆಗೆ ಚಿತ್ರಕತೆ ಬರೆದ ಐ.ಎ.ಎಲ್. ಡೈಮಂಡ್ ಕೂಡ ವಲಸೆ ಬಂದವನೇ. ಈಗಿನ ಮಾಲ್ಡೋವಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕ ಸೇರಿದವನು, ಶಾಲೆಯಲ್ಲಿ ಗಣಿತದ ಹುಲಿ. ಚಿತ್ರಕತೆಯಲ್ಲಿ ಆ ಗಣಿತ ಕಾಣುತ್ತೆ. ಒಡೆದ ಕನ್ನಡಿ, ಕೀ, ಹ್ಯಾಟು, ಯಾವುದೂ ಒಂದೇ ಸಲ ಬಂದು ಹೋಗಲ್ಲ, ಎಲ್ಲಕ್ಕೂ ಕೊನೆಗೆ ಲೆಕ್ಕ ಚುಕ್ತಾ ಆಗುತ್ತೆ. ಈ ಚಿತ್ರಕ್ಕೆ ಬಂದ 5 ಆಸ್ಕರ್‌ಗಳಲ್ಲಿ ಚಿತ್ರಕತೆಯದೂ ಒಂದು. ನಿರ್ಮಾಪಕ, ನಿರ್ದೇಶಕ, ಲೇಖಕ ಅಂತ ವೈಲ್ಡರ್ ಒಬ್ಬನೇ ಆ ರಾತ್ರಿ ಮೂರು ಹೊತ್ತುಕೊಂಡು ಹೋದ.

ಶೆಲ್ಡ್ರೇಕ್ ಪಾತ್ರಕ್ಕೆ ಫ್ರೆಡ್ ಮ್ಯಾಕ್‌ಮರ್ರಿಯನ್ನು ಹಾಕಿದ್ದೂ ಹಾಗೇ. ಹಿಂದಿನ ವರ್ಷವಷ್ಟೇ ಡಿಸ್ನಿಯ ಮಕ್ಕಳ ಚಿತ್ರದಲ್ಲಿ ಅಪ್ಪನಾಗಿದ್ದ ನಟ. ಆ ಸೌಮ್ಯ ಅಪ್ಪನ ಮುಖವೇ ವೈಲ್ಡರ್‌ಗೆ ಬೇಕಿತ್ತು, ಮೀಸೆ ತಿರುವುವ ಖಳ ಬೇಕಿರಲಿಲ್ಲ. ಆಫೀಸಿನಲ್ಲಿ ಕೆಡುಕು ಮಾಡುವವರು ನೋಡೋಕೆ ಹೀಗೇ ಇರ್ತಾರೆ, ಬರ್ತ್‌ಡೇ ದಿನ ಕೇಕ್ ಕತ್ತರಿಸಿ ಬಾಯಿಗೆ ಇಡ್ತಾರೆ.

ಅದು ಹಳೇ ಕಾಲ, ಈಗ ಕಾನೂನು ಇದೆ ಅನ್ನಬಹುದು. ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳವೂ ಕಾನೂನುಬಾಹಿರ ತಾರತಮ್ಯವೇ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿದ್ದು 1986ರಲ್ಲಿ. ನಮ್ಮಲ್ಲಿ ಕಾಯ್ದೆ ಬಂದದ್ದು 2013ರಲ್ಲಿ. ಅದಕ್ಕೂ ಮೊದಲು 2007ರಲ್ಲಿ ಅನುರಾಗ್ ಬಸು 'ಲೈಫ್ ಇನ್ ಎ... ಮೆಟ್ರೋ' ಮಾಡಿದಾಗ ಇದೇ ಕೀ ಕತೆಯನ್ನು ಮುಂಬೈನ ಕಾಲ್ ಸೆಂಟರಿಗೆ ತಂದಿಟ್ಟಿದ್ದರು. ಒಂದು ಸ್ಕ್ರೂ ಕೂಡ ಸಡಿಲ ಮಾಡಬೇಕಾಗಿ ಬರಲಿಲ್ಲ, ಸರಿಯಾಗಿ ಕೂತುಕೊಳ್ತು.

ಕಾನೂನು ಬಂದ ಮೇಲಿನ ಕತೆ ಕೇಳಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ, ನಮ್ಮ ಫ್ಲೋರಿನದೇ ಇನ್ನೊಂದು ಟೀಮಿನ ಹುಡುಗಿ ತನ್ನ ಮ್ಯಾನೇಜರ್ ಮೇಲೆ ದೂರು ಕೊಟ್ಟಳು. ಕಮಿಟಿ ಕೂತಿತು, ಎಲ್ಲ ನಿಯಮದ ಪ್ರಕಾರವೇ ನಡೆಯಿತು. ಅವಳ ಅಕ್ಕಪಕ್ಕ ಕೂರುತ್ತಿದ್ದ ಹುಡುಗರನ್ನು ಕರೆದು ಕೇಳಿದರು. ಒಬ್ಬರೂ ಸುಳ್ಳು ಹೇಳಲಿಲ್ಲ. "ನಾನು ಗಮನಿಸಿಲ್ಲ" ಅಂದರು, ಅಷ್ಟೇ. ಅವಳು ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟು ಊರಿಗೆ ಹೋದಳು. ಆ ಹುಡುಗರೆಲ್ಲ ಒಳ್ಳೆಯವರು, ರಕ್ತದಾನ ಮಾಡೋರು, ಅಮ್ಮನಿಗೆ ದಿನಾ ಫೋನ್ ಮಾಡೋರು. ಕ್ಯಾಂಟೀನಿನಲ್ಲಿ ಯಾರೋ ಅವರ ಬಗ್ಗೆಯೇ "ಪಾಪ, ಅವರೇನು ಮಾಡ್ತಾರೆ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹುಡುಗಿಗೆ ಪಾಪ ಅಂದವರು ಆ ಟೇಬಲ್ಲಿನಲ್ಲಿ ಯಾರೂ ಇರಲಿಲ್ಲ.

ಇವತ್ತಿನ ಬೀಗದ ಕೈ ಇದೇ. ನೋಡಿಯೂ ಗಮನಿಸಿಲ್ಲ ಅನ್ನೋದು. ಮಾಡದ ಎಂಟು ಗಂಟೆಯನ್ನು ಕ್ಲೈಂಟಿನ ಟೈಮ್‌ಶೀಟಿಗೆ ತುಂಬಿಸು ಅಂದಾಗ ತುಂಬಿಸೋದು. ಯಾರ ಕೆಲಸ ತೆಗೆಯಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡು, ಅದಕ್ಕೆ ತಕ್ಕ ಹಾಗೆ ಫೀಡ್‌ಬ್ಯಾಕ್ ಬರೆದುಕೊಡು ಅಂದಾಗ ಬರೆಯೋದು. ಇದ್ಯಾವುದರಲ್ಲೂ ನಮ್ಮ ಕೈ ಕೊಳೆಯಾಗಲ್ಲ. ನಾವು ಜಾಗ ಕೊಟ್ಟಿರ್ತೀವಿ, ಅಷ್ಟೇ.

ಹಾಗಾದರೆ ಚಿತ್ರದಲ್ಲಿ ಧೈರ್ಯ ಇರೋದು ಯಾರಿಗೆ? ಮೊದಲು ಬಾಯಿ ಬಿಡುವವಳು ಶೆಲ್ಡ್ರೇಕ್‌ನ ಸೆಕ್ರೆಟರಿ ಮಿಸ್ ಓಲ್ಸೆನ್. ತನಗೂ ತನ್ನ ನಂತರದವರಿಗೂ ಆದದ್ದನ್ನು ಆಫೀಸ್ ಪಾರ್ಟಿಯಲ್ಲಿ ಕ್ಯುಬೆಲಿಕ್‌ಗೆ ಹೇಳಿಬಿಡ್ತಾಳೆ. ಕುಡಿದಿದ್ದಳು, ಹೊಟ್ಟೆಕಿಚ್ಚೂ ಇತ್ತು ಅನ್ನಿ. ಆದರೂ ಹೇಳಿದ್ದು ನಿಜ, ಅದಕ್ಕೆ ಕೆಲಸ ಕಳೆದುಕೊಂಡಳು. ಹೋಗುವಾಗ ಸಾಹೇಬರ ಹೆಂಡತಿಗೆ ಫೋನ್ ಮಾಡಿ ಹೋದಳು. ಅವಳ ಹೆಸರು ಯಾವ ಡಿಸೆಂಬರ್ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಬ್ಯಾಕ್ಸ್ಟರ್‌ನ ಸರದಿ ಕೊನೆಗೆ ಬರುತ್ತೆ. ವರ್ಷದ ಕೊನೆಯ ದಿನ ಶೆಲ್ಡ್ರೇಕ್ ಮತ್ತೆ ಕೀ ಕೇಳ್ತಾನೆ, ಮತ್ತೆ ಅದೇ ಹುಡುಗಿಗಾಗಿ. ಬ್ಯಾಕ್ಸ್ಟರ್ ಒಂದು ಕೀ ಕೊಟ್ಟು ಹೊರಡ್ತಾನೆ. ನೋಡಿದರೆ ಅದು ಸಾಹೇಬರುಗಳ ಶೌಚಾಲಯದ ಕೀ, ಪ್ರಮೋಷನ್ ಜೊತೆ ಬಂದದ್ದು. ತಪ್ಪಾಗಿ ಕೊಟ್ಟದ್ದಲ್ಲ. ಮನುಷ್ಯನಾಗು ಅಂತ ಪಕ್ಕದ ಮನೆ ಡಾಕ್ಟರ್ ಬೈದಿದ್ದರು, ಯಿಡ್ಡಿಷ್ ಭಾಷೆಯ 'ಮೆನ್ಶ್' ಅನ್ನೋ ಪದ ಬಳಸಿ. ಕಿವಿಗೂ ನಮ್ಮ 'ಮನುಷ್ಯ'ಕ್ಕೆ ಹತ್ತಿರವೇ ಇದೆ. ಆಗೋಕೆ ಅವನಿಗೆ ಇಡೀ ಸಿನಿಮಾ ಬೇಕಾಯಿತು, ಅದೂ ತನ್ನ ಪ್ರೀತಿಗೇ ಬಿಸಿ ತಗುಲಿದ ಮೇಲೆ. ಅದಕ್ಕೂ ಮೊದಲು ಆ ಮನೆಗೆ ಬಂದುಹೋದ ಹೆಂಗಸರ ಬಗ್ಗೆ ಅವನು ಒಂದು ಕ್ಷಣವೂ ಯೋಚಿಸಿರಲಿಲ್ಲ. ವೈಲ್ಡರ್ ಅದನ್ನು ಮುಚ್ಚಿಟ್ಟಿಲ್ಲ. ಕೊನೆಗೆ ಅವನಿಗೆ ಹೊಸ ಕೆಲಸವನ್ನೂ ಕೊಡಿಸಿಲ್ಲ. ಗಂಟುಮೂಟೆ ಕಟ್ಟಿದ ಮನೆ, ಮುಂದೇನು ಅಂತ ಗೊತ್ತಿಲ್ಲ, ಎದುರಿಗೆ ಅವಳು, ನಡುವೆ ಇಸ್ಪೀಟು ಎಲೆ.

ಆದ್ದರಿಂದ ಈ ಸಲ ಸಿನಿಮಾ ನೋಡುವಾಗ ಪಾಪ ಅನ್ನಬೇಕು ಅನ್ನಿಸಿದರೆ ಧಾರಾಳವಾಗಿ ಅನ್ನಿ, ಲಿಫ್ಟಿನ ಹುಡುಗಿಗೆ, ಮಿಸ್ ಓಲ್ಸೆನ್‌ಗೆ. ಕೀ ಕೊಡುತ್ತಿದ್ದಷ್ಟು ದಿನ ಬ್ಯಾಕ್ಸ್ಟರ್‌ಗೆ ಆ ಮಾತು ಸಲ್ಲುತ್ತಿರಲಿಲ್ಲ. ಕೊಡಲ್ಲ ಅಂದ ದಿನದಿಂದ ಅವನಿಗೆ ಅದು ಬೇಕಾಗಿಯೂ ಇಲ್ಲ.